16 ದಿನದ ಫ್ಲೋಟ್ ಎಲ್ಲಿ ಹೋಯಿತು? ಒಂದೇ ಸೆಟ್ಟು ಸೆಂಟ್ರಿಂಗ್ ಇರುವ ಸೈಟಿನಲ್ಲಿ ಕ್ರಿಟಿಕಲ್ ಪಾತ್

ಪ್ರಶ್ನೆ: ಮಂಡ್ಯದ ಹತ್ತಿರ ಹಾಸ್ಟೆಲ್ ಕಟ್ಟಡವೊಂದರಲ್ಲಿ ಸೈಟ್ ಎಂಜಿನಿಯರ್ ಆಗಿದ್ದೇನೆ. ಎರಡು ಬ್ಲಾಕ್, ಎರಡೂ ನೆಲ ಅಂತಸ್ತು ಮಾತ್ರ, ಕಾಲಂ-ಬೀಮ್ ಫ್ರೇಮ್. ದೊಡ್ಡ ಬ್ಲಾಕಿಗೆ ತಳಪಾಯದಿಂದ ಪ್ಲಿಂತ್‌ವರೆಗೆ (ಗೋಡೆ ಏಳುವ ನೆಲಗಟ್ಟಿನ ಮಟ್ಟ) 20 ದಿನ, ಕಾಲಂ ಮತ್ತು ಸೆಂಟ್ರಿಂಗ್ (ಸ್ಲ್ಯಾಬಿನ ಅಡಿಗೆ ಷೀಟು, ಅದನ್ನು ಹೊರುವ ಜಾಕಿ ನಿಲ್ಲಿಸುವುದು) 10, ಕಂಬಿ 5, ಮೋಲ್ಡು (ಕಾಂಕ್ರೀಟ್ ಹಾಕುವುದು) 1, ಜಾಕಿ ಬಿಚ್ಚುವವರೆಗೆ ಕಾಯಲು 14, ಇಟ್ಟಿಗೆ ಗೋಡೆ 16, ಪ್ಲಾಸ್ಟರಿಂಗ್ 14. ಚಿಕ್ಕ ಬ್ಲಾಕಿಗೆ ಅದೇ ಕ್ರಮದಲ್ಲಿ 14, 8, 4, 1, 14, 12, 11. ಸಿಪಿಎಂ (ಕ್ರಿಟಿಕಲ್ ಪಾತ್ ಮೆಥಡ್) ಪ್ರಕಾರ ಒಟ್ಟು 80 ದಿನ. ದೊಡ್ಡ ಬ್ಲಾಕ್ ಕ್ರಿಟಿಕಲ್, ಅಂದರೆ ಅದು ತಡವಾದಷ್ಟೂ ಇಡೀ ಕೆಲಸ ತಡ; ಚಿಕ್ಕದಕ್ಕೆ 16 ದಿನ ಫ್ಲೋಟ್, ಅಂದರೆ ಮುಕ್ತಾಯ ತಡವಾಗದಂತೆ ಅಷ್ಟು ದಿನ ಬಿಡುವು. ಆದರೆ ನಮ್ಮಲ್ಲಿರುವುದು ದೊಡ್ಡ ಬ್ಲಾಕಿಗೆ ಸಾಲುವ ಒಂದೇ ಸೆಟ್ಟು ಷೀಟು-ಜಾಕಿ, ನಾಲ್ಕು ಜನ ಗಾರೆಯವರ ಒಂದೇ ತಂಡ. ಎಂ.ಎಸ್. ಪ್ರಾಜೆಕ್ಟ್ ಸಾಫ್ಟ್‌ವೇರಿನಲ್ಲಿ ಲೆವೆಲಿಂಗ್ (ಇರುವ ಆಳು-ಸಾಮಾನಿಗೆ ತಕ್ಕಂತೆ ಕೆಲಸಗಳನ್ನು ಮುಂದೂಡುವುದು) ಕೊಟ್ಟರೆ 103 ದಿನ ಬರುತ್ತದೆ; ಈಗ ದೊಡ್ಡ ಬ್ಲಾಕಿಗೇ 23 ದಿನ ಫ್ಲೋಟ್ ಎನ್ನುತ್ತದೆ. ಯಾವುದನ್ನು ನಂಬಲಿ? ಷೀಟು ಮೊದಲು ಯಾವ ಬ್ಲಾಕಿಗೆ ಕೊಡಲಿ? ಕೆಲಸ ಈಗ ತಳಪಾಯದಲ್ಲಿದೆ.

ಉತ್ತರ: ಷೀಟು ಮೊದಲು ಚಿಕ್ಕ ಬ್ಲಾಕಿಗೆ ಕೊಡಿ. 16 ದಿನದ ಫ್ಲೋಟನ್ನು ನಂಬಬೇಡಿ, 23 ದಿನದ ಫ್ಲೋಟನ್ನಂತೂ ನಂಬಲೇಬೇಡಿ. ನಿಮ್ಮ ಸೈಟಿನಲ್ಲಿ ಕೊನೆಯ ದಿನವನ್ನು ತೀರ್ಮಾನಿಸುತ್ತಿರುವುದು, ಯಾವ ಕೆಲಸದ ನಂತರ ಯಾವುದು ಎಂದು ತೋರಿಸುವ ನೆಟ್‌ವರ್ಕಿನ ಬಾಣಗಳಲ್ಲ. ಷೀಟು ಯಾವಾಗ ಬಿಡುವಾಗುತ್ತದೆ, ಆ ನಾಲ್ಕು ಜನ ಗಾರೆಯವರು ಯಾವ ದಿನದಿಂದ ಕೈಹಚ್ಚುತ್ತಾರೆ ಎಂಬ ಎರಡೇ ಸಂಗತಿಗಳು. ಅದನ್ನು ನಿಮ್ಮ ಅಂಕಿಗಳಲ್ಲೇ ಲೆಕ್ಕ ಹಾಕಿ ತೋರಿಸುತ್ತೇನೆ. ಕೆಳಗೆ ‘20ನೇ ದಿನ’ ಎಂದರೆ ಆ ದಿನದ ಸಂಜೆ ಎಂದಿಟ್ಟುಕೊಳ್ಳಿ. ರಜೆಗಳನ್ನು ಸದ್ಯಕ್ಕೆ ಬದಿಗಿಡೋಣ.

ಮೊದಲು ಸಿಪಿಎಂ ಏನನ್ನು ಲೆಕ್ಕ ಹಾಕುತ್ತದೆ ಎಂಬುದು ಸ್ಪಷ್ಟವಾಗಲಿ. 1957ರಲ್ಲಿ ಅಮೆರಿಕದ ಡುಪಾಂಟ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಗಳ ತಜ್ಞರು ರಾಸಾಯನಿಕ ಕಾರ್ಖಾನೆಗಳ ನಿರ್ಮಾಣ ಮತ್ತು ರಿಪೇರಿಗಾಗಿ ಈ ವಿಧಾನವನ್ನು ರೂಪಿಸಿದರು. ಅವರ ಮುಂದಿದ್ದ ಪ್ರಶ್ನೆ, ಎಲ್ಲಿ ಹೆಚ್ಚು ಹಣ ಸುರಿದರೆ ಎಷ್ಟು ದಿನ ಉಳಿಯುತ್ತದೆ ಎಂಬುದು. ಹಣ ಕೊಟ್ಟರೆ ಆಳು-ಯಂತ್ರ ಬಂದೇ ಬರುತ್ತದೆ ಎಂಬುದು ಅದರ ಒಳಗೇ ಅಡಗಿರುವ ನಂಬಿಕೆ. ಹಾಗಾಗಿ ಸಿಪಿಎಂ ಕೇಳುವುದು ಒಂದೇ ಮಾತು: ಈ ಕೆಲಸಕ್ಕೆ ಮುಂಚೆ ಯಾವ ಕೆಲಸ ಮುಗಿದಿರಬೇಕು? ಮೋಲ್ಡು ಹಾಕುವ ಮುನ್ನ ಕಂಬಿ ಕಟ್ಟಿರಬೇಕು, ಸರಿ. ಆದರೆ ಚಿಕ್ಕ ಬ್ಲಾಕಿಗೂ ದೊಡ್ಡ ಬ್ಲಾಕಿಗೂ ನಡುವೆ ಇಂಥ ತಾಂತ್ರಿಕ ಸಂಬಂಧ ಏನೂ ಇಲ್ಲ. ಹಾಗಾಗಿ ಅದರ ಪಾಲಿಗೆ ಎರಡೂ ಒಟ್ಟಿಗೆ ನಡೆಯಬಲ್ಲವು. ನಿಮ್ಮ 80 ದಿನ ಎರಡು ಸೆಟ್ಟು ಷೀಟು, ಎರಡು ಸೆಂಟ್ರಿಂಗ್ ತಂಡ, ಎರಡು ಗಾರೆ ತಂಡ ಇರುವ ಬೇರೊಂದು ಸೈಟಿನ ಉತ್ತರ.

ಈಗ ನಿಮ್ಮ ಸೈಟಿಗೆ ಬರೋಣ. ಪಠ್ಯಪುಸ್ತಕದ ಸಲಹೆಯಂತೆ ಕ್ರಿಟಿಕಲ್ ಆಗಿರುವ ದೊಡ್ಡ ಬ್ಲಾಕಿಗೇ ಮೊದಲು ಷೀಟು ಕೊಟ್ಟಿರಿ ಎನ್ನಿ. ಷೀಟು 20ನೇ ದಿನ ಏರುತ್ತದೆ, 36ನೇ ದಿನ ಮೋಲ್ಡು, 50ನೇ ದಿನ ಬಿಡುಗಡೆ. ಚಿಕ್ಕ ಬ್ಲಾಕಿನ ಪ್ಲಿಂತ್ 14ನೇ ದಿನವೇ ಮುಗಿದು ಬಿಸಿಲಲ್ಲಿ ಕಾಯುತ್ತಿರುತ್ತದೆ. ಅದರ ಸೆಂಟ್ರಿಂಗ್ ಶುರುವಾಗುವುದು 50ಕ್ಕೆ, ಜಾಕಿ ಬಿಚ್ಚುವುದು 77ಕ್ಕೆ. ಗಾರೆಯವರು ದೊಡ್ಡದರಲ್ಲಿ 50ರಿಂದ 80ರವರೆಗೆ ಸಿಕ್ಕಿಕೊಂಡಿರುತ್ತಾರೆ. ಹಾಗಾಗಿ ಚಿಕ್ಕದರ ಗೋಡೆ 80ಕ್ಕೆ ಶುರು, 92ಕ್ಕೆ ಪ್ಲಾಸ್ಟರಿಂಗ್, ಮುಗಿಯುವುದು 103. ನಿಮ್ಮ ಸಾಫ್ಟ್‌ವೇರ್ ಕೊಟ್ಟಿದ್ದು ಇದೇ.

ತಿರುಗಿಸಿ ನೋಡಿ. ಷೀಟು 14ನೇ ದಿನ ಚಿಕ್ಕದಕ್ಕೆ ಹೋಗುತ್ತದೆ, 27ಕ್ಕೆ ಮೋಲ್ಡು, 41ಕ್ಕೆ ಬಿಡುಗಡೆ. ದೊಡ್ಡ ಬ್ಲಾಕ್ ಪ್ಲಿಂತ್ ಮುಗಿಸಿ 21 ದಿನ ಕಾಯುತ್ತದೆ. ಕ್ರಿಟಿಕಲ್ ಎಂದು ಕೆಂಪು ಗೆರೆ ಎಳೆದ ಕೆಲಸವನ್ನೇ ಬೇಕೆಂದು 21 ದಿನ ಕೂರಿಸುವುದು ಅಧಿಕಾರಿಗಳ ಕಣ್ಣಿಗೆ ತಪ್ಪಾಗಿ ಕಾಣಬಹುದು, ಆದರೂ ಲೆಕ್ಕ ನೋಡಿ: 41ಕ್ಕೆ ಸೆಂಟ್ರಿಂಗ್, 57ಕ್ಕೆ ಮೋಲ್ಡು, 71ಕ್ಕೆ ಬಿಡುಗಡೆ, 87ಕ್ಕೆ ಗೋಡೆ, 101ಕ್ಕೆ ಮುಕ್ತಾಯ. ಎರಡು ದಿನ ಮುಂಚೆ. ಫ್ಲೋಟ್ ಕಡಿಮೆ ಇದ್ದವರಿಗೆ ಮೊದಲ ಆದ್ಯತೆ ಎಂಬ ನಿಯಮ ಅನುಕೂಲಕ್ಕೆ ಮಾಡಿಕೊಂಡದ್ದು, ಅದು ಯಾವಾಗಲೂ ಸರಿಯಾದ ಉತ್ತರ ಕೊಡುತ್ತದೆ ಎಂಬ ಖಾತ್ರಿ ಇಲ್ಲ. ಆಳು-ಸಾಮಾನಿನ ಮಿತಿ ಇಟ್ಟುಕೊಂಡು ಅತಿ ಚಿಕ್ಕ ಅವಧಿ ಹುಡುಕುವ ಚುರುಕಾದ ಸೂತ್ರ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಒಂದೇ ತಂಡಕ್ಕಾಗಿ ಹತ್ತು ಕೆಲಸ ಸಾಲಿನಲ್ಲಿ ನಿಂತರೆ ಸಾಧ್ಯವಿರುವ ಕ್ರಮಗಳು 36,28,800. ಸಾಫ್ಟ್‌ವೇರ್ ಒಂದು ನಿಯಮ ಹಿಡಿದು ಒಂದು ಕ್ರಮ ಕೊಡುತ್ತದೆ, ಅಷ್ಟೇ. ನಿಮ್ಮಂಥ ಎರಡು ಬ್ಲಾಕಿನ ಕೆಲಸದಲ್ಲಿ ಎರಡೂ ಕ್ರಮವನ್ನು ಕೈಯಲ್ಲೇ ಬರೆದು ನೋಡಲು ಅರ್ಧ ಗಂಟೆ ಸಾಕು, ಆ ಅರ್ಧ ಗಂಟೆಯನ್ನು ಉಳಿಸಲು ಹೋಗಬೇಡಿ.

ಆದರೆ 101ರಲ್ಲೂ ಒಂದು ಮುಳ್ಳಿದೆ. ಗಾರೆಯವರು ಚಿಕ್ಕದನ್ನು 41ರಿಂದ 64ರೊಳಗೆ ಮುಗಿಸುತ್ತಾರೆ, ದೊಡ್ಡದು ಕೈಗೆ ಸಿಗುವುದು 71ಕ್ಕೆ. ನಡುವೆ 7 ದಿನ ಖಾಲಿ. ಬಾರ್ ಚಾರ್ಟಿನಲ್ಲಿ ಅದು ಬಿಳಿ ಜಾಗ. ಮೇಸ್ತ್ರಿಗೆ ಅದು ಎಂಟು-ಹತ್ತು ಮನೆಗಳ ಒಲೆಯ ಪ್ರಶ್ನೆ. ಬಟವಾಡೆ ಇಲ್ಲದ ವಾರ ಅವರು ಮದ್ದೂರಿಗೋ ಮೈಸೂರಿಗೋ ಬೇರೆ ಕೆಲಸ ಹಿಡಿಯುತ್ತಾರೆ, ಹಿಡಿಯಲೇಬೇಕು. ಹೋದ ತಂಡ ಸರಿಯಾಗಿ ಎಂಟನೇ ದಿನ ನಿಮ್ಮ ಗೇಟಿಗೆ ಬಂದು ನಿಲ್ಲುವುದಿಲ್ಲ, ಅಲ್ಲಿ ಒಪ್ಪಿಕೊಂಡದ್ದನ್ನು ಮುಗಿಸಿಯೇ ಬರಬೇಕು. ಹಾಗೆ ನೋಡಿದರೆ ಗಾರೆಯವರಿಗೆ ಒಂದು ದಿನವೂ ಬಿಡುವಿಲ್ಲದ 103ರ ಯೋಜನೆಯೇ 101ಕ್ಕಿಂತ ಗಟ್ಟಿ. ಸಿಪಿಎಂಗೆ ಒಂದು ತಂಡ ಎಡೆಬಿಡದೆ ಕೆಲಸ ಮಾಡಬೇಕು ಎಂಬ ಕಲ್ಪನೆಯೇ ಇಲ್ಲ. ಪ್ರತಿ ಕೆಲಸವನ್ನೂ ಆದಷ್ಟು ಬೇಗ ಶುರು ಮಾಡು ಎಂದಷ್ಟೇ ಅದು ಹೇಳುತ್ತದೆ. ಪರಿಹಾರ ಸುಲಭ: ತಂಡವನ್ನು 41ಕ್ಕೆ ಕರೆಸಬೇಡಿ, 48ಕ್ಕೆ ಕರೆಸಿ. ಚಿಕ್ಕದು 48ರಿಂದ 71, ದೊಡ್ಡದು 71ರಿಂದ 101, ನಡುವೆ ಖಾಲಿ ದಿನವೇ ಇಲ್ಲ, ಮುಕ್ತಾಯವೂ ಬದಲಾಗಿಲ್ಲ. ಇಲ್ಲವೇ ಆ 7 ದಿನಕ್ಕೆ ಕಾಂಪೌಂಡ್ ಗೋಡೆಯನ್ನೋ ಸಂಪಿನ ಕೆಲಸವನ್ನೋ ಎತ್ತಿಡಿ.

ಇನ್ನು ಖರ್ಚು ಮಾಡಿ ದಿನ ಉಳಿಸುವ ಮಾತು. ಷೀಟು ಮತ್ತು ಜಾಕಿಯನ್ನು ಒಂದೇ ಸಾಮಾನು ಎಂದು ಎಣಿಸಬೇಡಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನಲ್ಲಿ, ಜಾಕಿಗಳನ್ನು ಕೂಡಲೇ ಮತ್ತೆ ನಿಲ್ಲಿಸುವುದಾದರೆ ಸ್ಲ್ಯಾಬಿನ ಅಡಿಯ ಷೀಟನ್ನು 3 ದಿನಕ್ಕೆ, ಬೀಮಿನ ಅಡಿಯದನ್ನು 7 ದಿನಕ್ಕೆ ತೆಗೆಯಬಹುದು. ಜಾಕಿಗಳು ಮಾತ್ರ 4.5 ಮೀಟರಿಗಿಂತ ಹೆಚ್ಚು ಸ್ಪ್ಯಾನಿನ ಸ್ಲ್ಯಾಬಿಗೆ 14 ದಿನ, 6 ಮೀಟರಿನವರೆಗಿನ ಬೀಮಿಗೆ 14 ದಿನ, ಅದಕ್ಕೂ ಹೆಚ್ಚಿನ ಬೀಮಿಗೆ 21 ದಿನ ಇರಬೇಕು. ನೀವು 14 ಹಿಡಿದಿರುವುದರಿಂದ ನಿಮ್ಮ ಬೀಮುಗಳು 6 ಮೀಟರೊಳಗೆ ಇವೆ ಎಂದುಕೊಂಡಿದ್ದೇನೆ. ಊಟದ ಹಾಲ್ ಏನಾದರೂ ಇದ್ದರೆ ಮತ್ತೊಮ್ಮೆ ಅಳೆದು ನೋಡಿ. ಇನ್ನೊಂದು ಎಚ್ಚರಿಕೆ: ಚೀಲದ ಮೇಲೆ ಪಿಪಿಸಿ (ಹಾರುಬೂದಿಯಂಥ ಪೊಜೊಲಾನ ಬೆರೆಸಿದ ಸಿಮೆಂಟ್) ಎಂದಿದ್ದರೆ ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. ಬಿಚ್ಚುವ ಹೊತ್ತಿಗೆ ಕಾಂಕ್ರೀಟಿನ ಮೇಲೆ ಬೀಳುವ ಒತ್ತಡದ ಕನಿಷ್ಠ ಎರಡರಷ್ಟು ಬಲ ಅದಕ್ಕೆ ಬಂದಿರಬೇಕು ಎಂಬುದು ಮೂಲ ನಿಯಮ. ಕ್ಯೂಬ್ ಫಲಿತಾಂಶ (ಅಚ್ಚಿನಲ್ಲಿ ಹಾಕಿದ ಕಾಂಕ್ರೀಟ್ ತುಂಡಿನ ಬಲಪರೀಕ್ಷೆ) ಕೈಯಲ್ಲಿ ಹಿಡಿದು, ವಿನ್ಯಾಸ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿಗೆ ಬರೆದುಕೊಟ್ಟ ಮೇಲೆಯೇ ಕೈ ಹಾಕಿ.

ಅವರು 7ನೇ ದಿನ ಷೀಟು ಬಿಚ್ಚಲು ಒಪ್ಪಿದರು ಎನ್ನಿ. ಚಿಕ್ಕದು ಮೊದಲು ಎಂಬ ಕ್ರಮದಲ್ಲಿ ಷೀಟು 34ಕ್ಕೆ ಬಿಡುವಾಗುತ್ತದೆ. ದೊಡ್ಡದರ ಮೋಲ್ಡು 50ಕ್ಕೆ, ಜಾಕಿ ಬಿಚ್ಚುವುದು 64ಕ್ಕೆ. ಗಾರೆಯವರು ಚಿಕ್ಕದನ್ನು ಮುಗಿಸುವುದೂ 64ಕ್ಕೇ! ಮುಕ್ತಾಯ 94. ಬಾಡಿಗೆ ಜಾಕಿ ಎಷ್ಟು ದಿನಕ್ಕೆ ಬೇಕು ಎಂಬುದು ಎಲ್ಲಿ ನಿಲ್ಲಿಸುತ್ತೀರಿ ಎಂಬುದರ ಮೇಲಿದೆ. ಷೀಟು ಬಿಚ್ಚಿದಾಗ ಚಿಕ್ಕ ಬ್ಲಾಕಿನಡಿ ಬಾಡಿಗೆ ಜಾಕಿ ಕೊಟ್ಟು ಸ್ವಂತದ್ದನ್ನು ದೊಡ್ಡದಕ್ಕೆ ಒಯ್ದರೆ 34ರಿಂದ 41ರವರೆಗೆ, ಏಳೇ ದಿನ. ಬಾಡಿಗೆಯದನ್ನು ದೊಡ್ಡದರಡಿ ನಿಲ್ಲಿಸಿದಿರೋ 34ರಿಂದ 64ರವರೆಗೆ, 30 ದಿನ. ಬಿಚ್ಚುವಾಗ ಒಂದು ಬೇ (ಕಾಲಂ ಸಾಲುಗಳ ನಡುವಿನ ಒಂದು ಅಂಕಣ) ಬಿಚ್ಚಿ, ಅಲ್ಲಿ ಜಾಕಿ ಕೊಟ್ಟು ಬಿಗಿ ಮಾಡಿ, ಆಮೇಲೆ ಪಕ್ಕದ ಬೇ. ಪೂರ್ತಿ ಷೀಟು ಕೆಡವಿ ಆಮೇಲೆ ಜಾಕಿ ತರೋಣ ಎಂದರೆ ಸ್ಲ್ಯಾಬ್ ಸೀಳುತ್ತದೆ.

ಈಗ ಅದೇ ಜಾಕಿ ಬಾಡಿಗೆಯನ್ನು ‘ದೊಡ್ಡದು ಮೊದಲು’ ಕ್ರಮದಲ್ಲಿ ಮಾಡಿದ್ದರೆ? ಷೀಟು 43ಕ್ಕೆ ಬಿಡುವಾಗಿ ಚಿಕ್ಕ ಬ್ಲಾಕ್ 70ಕ್ಕೆ ಸಿದ್ಧ, ಆದರೆ ಗಾರೆಯವರು 80ರವರೆಗೂ ದೊಡ್ಡದರಲ್ಲೇ. ಮುಕ್ತಾಯ ಮತ್ತೆ 103. ಬಾಡಿಗೆ ದುಡ್ಡು ಪೂರ್ತಿ ನೀರಿಗೆ. ಕಾರಣ ಸರಳ: ನಾಲ್ಕು ಜನರ ಆ ತಂಡಕ್ಕೆ ಎರಡೂ ಬ್ಲಾಕ್ ಸೇರಿ 16, 14, 12, 11, ಒಟ್ಟು 53 ದಿನದ ಕೆಲಸವಿದೆ. ಅವರು 50ಕ್ಕೆ ಶುರು ಮಾಡಿದರೆ ಯಾವ ಕ್ರಮದಲ್ಲಿ ಕಟ್ಟಿದರೂ 103. 41ಕ್ಕೆ ಶುರು ಮಾಡಿದರೆ 94ಕ್ಕಿಂತ ಮುಂಚೆ ಆಗದು. ಇನ್ನೂ ಮುಂದೆ ಹೋಗಿ ಎರಡನೇ ಸೆಟ್ಟು ಷೀಟನ್ನೇ ಕೊಂಡರೂ ಉತ್ತರ 94ರಲ್ಲೇ ನಿಲ್ಲುತ್ತದೆ. 80ಕ್ಕೆ ಇಳಿಸಬೇಕಾದರೆ ಷೀಟು, ಗಾರೆ ತಂಡ ಎರಡನ್ನೂ ಎರಡೆರಡು ಮಾಡಬೇಕು. ಆದ್ದರಿಂದ ಯಾವುದೇ ಸಾಮಾನಿಗೆ ಹಣ ಹಾಕುವ ಮೊದಲು ಪ್ರತಿ ತಂಡದ ಒಟ್ಟು ದಿನಗಳನ್ನು ಹೀಗೆ ಕೂಡಿ, ಅದು ಬೇಗ ಎಂದರೆ ಯಾವ ದಿನ ಶುರುವಾಗಬಹುದೋ ಅದಕ್ಕೆ ಸೇರಿಸಿ. ಬಂದ ಸಂಖ್ಯೆಗಿಂತ ಕೆಳಗೆ ನಿಮ್ಮ ಪ್ರೋಗ್ರಾಂ ಇಳಿಯದು.

ಆ ದಿನಗಳೂ ಎಲ್ಲಿಂದ ಬಂದವು ಎಂದು ಕೇಳಿಕೊಳ್ಳಿ. ಒಬ್ಬ ಗಾರೆಯವರು, ಜೊತೆಗೆ ಕೈಯಾಳು, ದಿನಕ್ಕೆ 1 ಘನ ಮೀಟರ್ ಗೋಡೆ ಎಂದು ಹಿಡಿದರೆ ನಾಲ್ಕು ಜನ 16 ದಿನಕ್ಕೆ 64 ಘನ ಮೀಟರ್. 230 ಮಿ.ಮೀ. ಗೋಡೆಯಲ್ಲಿ ಅದು ಸುಮಾರು 278 ಚದರ ಮೀಟರ್, ಎರಡು ಮುಖ ಸೇರಿ 556. ಒಬ್ಬರು ದಿನಕ್ಕೆ 10 ಚದರ ಮೀಟರ್ ಸಾರಿಸಿದರೆ 14 ದಿನ. ನಿಮ್ಮ ಅಂಕಿಗಳು ಇದಕ್ಕೆ ಹೊಂದುತ್ತವೆ. ಆದರೆ ಇವು ನಾಲ್ಕು ಜನ ಪೂರ್ತಿ ಇದ್ದಾಗಿನ ಮಾತು. ಇಬ್ಬರನ್ನು ಬೇರೆಡೆಗೆ ಕಳಿಸಿದರೆ 16 ದಿನದ ಗೋಡೆ 32 ದಿನ. ನೆಟ್‌ವರ್ಕಿನಲ್ಲಿ ಮಾತ್ರ 16 ಎಂದೇ ಉಳಿದಿರುತ್ತದೆ. ಅವಧಿ ಎಂಬುದು ಕೆಲಸದ ಗುಣ ಅಲ್ಲ, ಕೆಲಸ ಮತ್ತು ಜನ ಎರಡರದೂ. ಹಾಗೆಂದು ನಾಲ್ವರ ಜಾಗದಲ್ಲಿ ಎಂಟು ಜನ ಹಾಕಿದರೆ 8 ದಿನ ಆಗುವುದಿಲ್ಲ. ಸಾರ್ವೆ ಒಂದೇ, ಕಲಸುವ ಜಾಗ ಒಂದೇ, ಗೋಡೆಯೂ ದಿನಕ್ಕೆ ಒಂದು ಮಿತಿಯವರೆಗೆ ಮಾತ್ರ ಏರಬೇಕು.

ಈಗ ಆ 23 ದಿನದ ಫ್ಲೋಟ್. ಇದು ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ನೋಡಲು ನಿಜದಂತೆಯೇ ಇದೆ. ಲೆವೆಲಿಂಗ್ ಕೊಟ್ಟಾಗ ಸಾಫ್ಟ್‌ವೇರ್ ಚಿಕ್ಕ ಬ್ಲಾಕಿನ ಸೆಂಟ್ರಿಂಗನ್ನು 50ಕ್ಕೆ ದೂಡಿತು, ಆದರೆ ಯಾಕೆ ದೂಡಿದೆ ಎಂಬುದನ್ನು ಬಾಣವಾಗಿ ಬರೆದಿಡಲಿಲ್ಲ. ಆಮೇಲೆ ಫ್ಲೋಟ್ ಎಣಿಸುವಾಗ ಬಾಣಗಳನ್ನು ಮಾತ್ರ ನೋಡಿತು: ದೊಡ್ಡ ಬ್ಲಾಕ್ 80ಕ್ಕೆ ಮುಗಿಯುತ್ತದೆ, ಯೋಜನೆ 103ಕ್ಕೆ, ಹಾಗಾದರೆ 23 ದಿನ ಬಿಡುವು. ಪರೀಕ್ಷಿಸಿ ನೋಡಿ. ದೊಡ್ಡದರ ಮೋಲ್ಡು ಒಂದು ದಿನ ತಡವಾದರೆ ಷೀಟು 51ಕ್ಕೆ ಸಿಗುತ್ತದೆ, ಗಾರೆಯವರು 81ಕ್ಕೆ ಬಿಡುವಾಗುತ್ತಾರೆ, ಯೋಜನೆ 104ಕ್ಕೆ ಹೋಗುತ್ತದೆ. ನಿಜವಾದ ಬಿಡುವು ಸೊನ್ನೆ. ಪ್ರಿಮವೇರಾ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲೂ ಲೆವೆಲಿಂಗ್ ತಾನಾಗಿ ಇಂಥ ಬಾಣ ಹಾಕುವುದಿಲ್ಲ.

ಹಾಗಾಗಿ ಆ ಬಾಣಗಳನ್ನು ನೀವೇ ಹಾಕಬೇಕು. ಮೊದಲು ಕ್ರಮ ತೀರ್ಮಾನಿಸಿ. ಆಮೇಲೆ ‘ಚಿಕ್ಕ ಬ್ಲಾಕ್ ಷೀಟು ಬಿಚ್ಚುವುದು’ ಎಂಬ ಕೆಲಸವನ್ನು ಬೇರೆ ಸಾಲಾಗಿ ಬರೆದು ಅಲ್ಲಿಂದ ‘ದೊಡ್ಡ ಬ್ಲಾಕ್ ಸೆಂಟ್ರಿಂಗ್’ಗೆ ಒಂದು ಬಾಣ, ‘ಚಿಕ್ಕ ಬ್ಲಾಕ್ ಪ್ಲಾಸ್ಟರಿಂಗ್’ನಿಂದ ‘ದೊಡ್ಡ ಬ್ಲಾಕ್ ಗೋಡೆ’ಗೆ ಒಂದು ಬಾಣ. ಎರಡೂ ‘ಮುಗಿದ ಮೇಲೆ ಶುರು’ ಬಗೆಯವು. ಷರಾ ಕಾಲಮ್ಮಿನಲ್ಲಿ ‘ಷೀಟು’, ‘ಗಾರೆ’ ಎಂದು ಗುರುತು ಹಾಕಿ, ಬೇರೆ ಬಣ್ಣ ಕೊಡಿ. ಇವು ತಾಂತ್ರಿಕ ಬಾಣಗಳಲ್ಲ; ನಾಳೆ ಇನ್ನೊಂದು ತಂಡ ಬಂದರೆ ಅಳಿಸಬೇಕಾದವು. ಗುರುತು ಇಲ್ಲದಿದ್ದರೆ ಯಾರೂ ಅಳಿಸುವ ಧೈರ್ಯ ಮಾಡುವುದಿಲ್ಲ, ಹೊಸ ತಂಡ ಬಂದ ಮೇಲೂ ಹಳೆಯ ಬಾಣ ಕೆಲಸವನ್ನು ಹಿಡಿದು ನಿಲ್ಲಿಸಿರುತ್ತದೆ. ಬಾಣ ಹಾಕಿದ ಮೇಲೆ ಬರುವ ಫ್ಲೋಟನ್ನು ನಂಬಬಹುದು.

ಒಂದು ತಪ್ಪು ಬಹಳ ಕಡೆ ಆಗುತ್ತದೆ. ಕಾಯುವ 14 ದಿನದಲ್ಲಿ ಯಾರೂ ಕೆಲಸ ಮಾಡುವುದಿಲ್ಲವೆಂದು ಆ ಸಾಲಿಗೆ ಯಾವ ಸಂಪನ್ಮೂಲವನ್ನೂ ಹಾಕಿರುವುದಿಲ್ಲ. ಜನ ಇರುವುದಿಲ್ಲ, ನಿಜ. ಷೀಟು-ಜಾಕಿ ಅಲ್ಲೇ ಇರುತ್ತದಲ್ಲ! ಅದನ್ನು ಹಾಕದಿದ್ದರೆ ಮೋಲ್ಡು ಆದ ಸಂಜೆಯೇ ಷೀಟು ಖಾಲಿ ಎಂದು ಸಾಫ್ಟ್‌ವೇರ್ ತಿಳಿಯುತ್ತದೆ, ಒಂದು ಜಾಕಿಯನ್ನೂ ಬಾಡಿಗೆಗೆ ತರದೆ ‘ಚಿಕ್ಕದು ಮೊದಲು’ ಕ್ರಮಕ್ಕೆ 94 ದಿನ ತೋರಿಸುತ್ತದೆ. ಕ್ಯಾಲೆಂಡರ್ ಕೂಡ ಹೀಗೇ. ಕಾಂಕ್ರೀಟಿಗೆ ಭಾನುವಾರ ರಜೆ ಇಲ್ಲ. ಕಾಯುವ ಸಾಲಿಗೆ ಏಳು ದಿನದ ಕ್ಯಾಲೆಂಡರ್, ಜನರಿಗೆ ಅವರದೇ ಕ್ಯಾಲೆಂಡರ್ ಕೊಡಿ.

ಜನರ ಕ್ಯಾಲೆಂಡರ್ ಎಂದರೆ ಸರ್ಕಾರಿ ರಜೆಯ ಪಟ್ಟಿಯಲ್ಲ. ಮಂಡ್ಯದಲ್ಲಿ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ಸುತ್ತಲ ಹಳ್ಳಿಯಿಂದ ಬರುವ ಕೈಯಾಳುಗಳು ಗದ್ದೆಗೆ ಇಳಿಯುತ್ತಾರೆ, ಕುಯ್ಲಿಗೆ ಮತ್ತೊಮ್ಮೆ. ಗಾರೆಯವರು ನಾಲ್ವರೂ ಬಂದು ಕಲ್ಲು-ಗಾರೆ ಎತ್ತಿಕೊಡುವವರಿಲ್ಲದೆ ಅರ್ಧ ಕೆಲಸ ಮಾಡುವ ದಿನಗಳು ಅವು. ಕಂಬಿ, ಸೆಂಟ್ರಿಂಗ್ ತಂಡ ಬಿಹಾರ-ಬಂಗಾಳದ ಕಡೆಯದಾದರೆ ಹೋಳಿ, ದುರ್ಗಾಪೂಜೆ, ಛಠ್ ಹಬ್ಬಕ್ಕೆ ರೈಲು ಹತ್ತುತ್ತಾರೆ. ಗೌರಿ-ಗಣೇಶ, ಮಾರ್ನಮಿ, ಊರಹಬ್ಬ ಯಾವ ವಾರ ಎಂದು ಮೇಸ್ತ್ರಿಯನ್ನೇ ಕೇಳಿ ಬರೆದುಕೊಳ್ಳಿ. ಅಮಾವಾಸ್ಯೆ ದಿನ ಮೋಲ್ಡು ಬೇಡ ಎನ್ನುವ ಮಾಲೀಕರಿದ್ದರೆ ಅದನ್ನೂ. ಜೊತೆಗೆ, ಮೇಸ್ತ್ರಿ ಇನ್ನೆಷ್ಟು ಸೈಟ್ ಒಪ್ಪಿಕೊಂಡಿದ್ದಾರೆ ಎಂದು ಕೇಳಲು ಸಂಕೋಚ ಬೇಡ. ನಿಮ್ಮ ನೆಟ್‌ವರ್ಕಿನಲ್ಲಿ ಅವರ ಉಳಿದ ಸೈಟುಗಳು ಇರುವುದಿಲ್ಲ, ಅವರ ತಲೆಯಲ್ಲಿ ಇರುತ್ತವೆ.

ಇದೇ ಬಾಣಗಳಿಂದ ಇನ್ನೊಂದು ಪ್ರಯೋಜನ ಇದೆ. ಕಂಟ್ರಾಕ್ಟಿನ ಮೂಲ ವೇಳಾಪಟ್ಟಿಯಾದ ಬೇಸ್‌ಲೈನಿನಲ್ಲಿ ನೀವು 23 ದಿನ ಫ್ಲೋಟ್ ತೋರಿಸಿ ಕೊಟ್ಟಿದ್ದರೆ, ಮಾಲೀಕರ ಕಡೆಯಿಂದ ಡ್ರಾಯಿಂಗ್ 10 ದಿನ ತಡವಾದಾಗ ಅವಧಿ ವಿಸ್ತರಣೆ ಕೇಳುವುದು ಕಷ್ಟ. ‘ನಿಮ್ಮ ಪ್ರೋಗ್ರಾಂನಲ್ಲೇ ಬಿಡುವು ಇದೆಯಲ್ಲ’ ಎಂಬ ಉತ್ತರ ಬರುತ್ತದೆ. ಷೀಟು ಒಂದೇ ಸೆಟ್ಟು, ಗಾರೆ ತಂಡ ಒಂದೇ ಎಂಬುದನ್ನು ಬೇಸ್‌ಲೈನಿನ ಜೊತೆಯ ಟಿಪ್ಪಣಿಯಲ್ಲೇ ಬರೆದು ಒಪ್ಪಿಗೆ ಪಡೆಯಿರಿ. ಕೆಲಸ ತಳಪಾಯದಲ್ಲಿದೆ ಎಂದಿದ್ದೀರಿ, ಇನ್ನೂ ಕಾಲ ಮಿಂಚಿಲ್ಲ.

ನಾಳೆ ಬೆಳಿಗ್ಗೆ ಮಾಡಬೇಕಾದ್ದು ಇದು. ‘ಚಿಕ್ಕದು ಮೊದಲು’ ಎಂದು ತೀರ್ಮಾನಿಸಿದ ಕ್ಷಣದಿಂದ ಚಿಕ್ಕ ಬ್ಲಾಕಿನ ಪ್ಲಿಂತಿಗೆ ಒಂದು ದಿನವೂ ಬಿಡುವಿಲ್ಲ. ದೊಡ್ಡದರ ಪ್ಲಿಂತಿಗೆ, ಜಾಕಿ ಬಾಡಿಗೆಗೆ ತಂದರೆ 14, ತರದಿದ್ದರೆ 21 ದಿನ ನಿಜವಾದ ಬಿಡುವಿದೆ. ದೊಡ್ಡದರ ತಳಪಾಯದಲ್ಲಿರುವ ಜನರಲ್ಲಿ ಕೆಲವರನ್ನೂ ಜೆಸಿಬಿಯನ್ನೂ ಚಿಕ್ಕದಕ್ಕೆ ತಿರುಗಿಸಿ. 14 ದಿನದ ಪ್ಲಿಂತ್ 12ಕ್ಕೆ ಮುಗಿದರೆ ಷೀಟು 32ಕ್ಕೆ ಬಿಡುವಾಗುತ್ತದೆ, ಗಾರೆಯವರು 39ಕ್ಕೆ ಶುರು ಮಾಡುತ್ತಾರೆ, 94 ಎಂಬುದು 92 ಆಗುತ್ತದೆ. ಚಿಕ್ಕದರ ಮೇಲೆ ಷೀಟು ಏರಿದ ಮೇಲೆ ಮೂಲೆಯಲ್ಲಿ ಉಳಿಯುವ ಷೀಟುಗಳಲ್ಲಿ ದೊಡ್ಡದರ ಕಾಲಂಗಳನ್ನು ಹಾಕಿಕೊಳ್ಳುತ್ತಾ ಬನ್ನಿ. ಕಾಲಂ ಷೀಟನ್ನು 16ರಿಂದ 24 ಗಂಟೆಯಲ್ಲಿ ಬಿಚ್ಚಬಹುದು, ಎಂಟು ಕಾಲಂಗೆ ಸಾಲುವ ಷೀಟಿದ್ದರೆ ಸೆಂಟ್ರಿಂಗಿನ 10 ದಿನದಲ್ಲಿ ಕಾಲಂ ಪಾಲಿನ ಒಂದೆರಡು ದಿನ ಅಲ್ಲೇ ಉಳಿಯುತ್ತದೆ. ಆ ಉಳಿತಾಯವನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ, ಮಳೆಗೆ ಇಟ್ಟುಕೊಳ್ಳಿ.